ನೆಲ ನಡುಗಿದ ಸಾಂಟೊರಿನಿಗೆ ಮಗನನ್ನು ಕೆಲಸಕ್ಕೆ ಕಳಿಸಬಹುದೇ?

ಪ್ರಶ್ನೆ: ಕೋಥ್ರೂಡ್, ಪುಣೆ

ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿರುವ ನನ್ನ ಮಗನಿಗೆ ಗ್ರೀಸ್ ದೇಶದ ಸಾಂಟೊರಿನಿ ದ್ವೀಪದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಬೇಸಿಗೆಯ ಸೀಸನ್ನಿಗೆ ಕೆಲಸ ಸಿಕ್ಕಿದೆ. 2025ರ ಜನವರಿ ಕೊನೆಯಿಂದ ಅಲ್ಲಿ ವಾರಗಟ್ಟಲೆ ನೆಲ ನಡುಗಿ, 11,000ಕ್ಕೂ ಹೆಚ್ಚು ಜನ ಹಡಗು, ವಿಮಾನ ಹತ್ತಿ ಊರು ಬಿಟ್ಟಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೆವು. ಆ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿರುವ ನಮ್ಮ ಯಜಮಾನರು ಬೇಡವೇ ಬೇಡ ಎನ್ನುತ್ತಾರೆ. ಏನೂ ಆಗಲಿಲ್ಲವಲ್ಲ, ಜನ ಸುಮ್ಮನೆ ಹೆದರಿದರು ಎಂಬುದು ಮಗನ ವಾದ. ಜ್ವಾಲಾಮುಖಿಯ ದ್ವೀಪದಲ್ಲಿ ಭೂಕಂಪವಾದರೆ ಅದು ಬೆಂಕಿ ಉಗುಳುವ ಮುನ್ಸೂಚನೆಯೇ? ಅಂದು ಊರು ಬಿಟ್ಟವರು ಮಾಡಿದ್ದು ಸರಿಯೇ, ಉಳಿದವರು ಮಾಡಿದ್ದೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ಡೊಂಬಿವಲಿ, ಮುಂಬಯಿ

ತಾಯೀ, ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಜನ ಸುಮ್ಮನೆ ಹೆದರಿದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆ ಕಂಪನಗಳು ಹೆಚ್ಚಾಗಿ ಸಾಂಟೊರಿನಿ ಮತ್ತು ಅಮೊರ್ಗೊಸ್ ದ್ವೀಪಗಳ ನಡುವೆ ಸಮುದ್ರದಡಿಯಲ್ಲಿ ಆದವು; ಫೆಬ್ರವರಿ 10ರಂದು ಆದ ದೊಡ್ಡದರ ತೀವ್ರತೆ 5.3. ಭೂಮಿಯ ಬಿರುಕುಗಳು ಸರಿದು ಹೀಗಾಗುತ್ತಿದೆ ಎಂದೇ ಮೊದಲು ಬಹಳಷ್ಟು ವಿಜ್ಞಾನಿಗಳು ಭಾವಿಸಿದ್ದರು. ಶಿಲಾಪಾಕವು, ಅಂದರೆ ನೆಲದಾಳದ ಕರಗಿದ ಕಲ್ಲು, ಬಂಡೆಯನ್ನು ಸೀಳಿಕೊಂಡು, ಕೊಲುಂಬೊ ಎಂಬ ಸಮುದ್ರದಡಿಯ ಜ್ವಾಲಾಮುಖಿಯ ಸಮೀಪ ಮೇಲೇರಿ, ಹೊರಗೆ ಬಾರದೆ ಅಲ್ಲಿಯೇ ನಿಂತಿತೆಂಬುದು ಆಮೇಲಿನ ಅಧ್ಯಯನಗಳಿಂದ ತಿಳಿಯಿತು. ಈ ಕೊಲುಂಬೊ 1650ರಲ್ಲಿ ಸಿಡಿದಾಗ ಅದರ ವಿಷಾನಿಲ ಸಾಂಟೊರಿನಿಯಲ್ಲೇ ಜನರನ್ನು ಕೊಂದಿತ್ತು. ನೆಲ ನಡುಗುತ್ತಿರುವಾಗ ಮುಂದೇನೆಂದು ಖಚಿತವಾಗಿ ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. 2021ರಲ್ಲಿ ಸ್ಪೇನಿಗೆ ಸೇರಿದ ಲಾ ಪಾಲ್ಮಾ ದ್ವೀಪದಲ್ಲಿ ಒಂದು ವಾರ ಕಂಪನಗಳಾಗಿ, ಸೆಪ್ಟೆಂಬರ್ 19ರಂದು ಬೆಟ್ಟದ ಮಗ್ಗುಲು ಬಾಯ್ದೆರೆದು, 85 ದಿನ ಜ್ವಾಲಾಮುಖಿ ಉರಿಯಿತು. ಮರುವರ್ಷ ಪೋರ್ಚುಗಲ್ಲಿನ ದ್ವೀಪಸಮೂಹವಾದ ಅಜೋರ್ಸ್‌ನ ಸಾವೊ ಜಾರ್ಜ್‌ನಲ್ಲಿ ಸಾವಿರಾರು ಕಂಪನಗಳಾದರೂ ಏನೂ ಹೊರಬರಲಿಲ್ಲ.

ಇನ್ನು, ಜ್ವಾಲಾಮುಖಿ ತೆಪ್ಪಗಿದ್ದರೂ ಭೂಕಂಪ ಒಂದೇ ಸಾಕು ಅನಾಹುತಕ್ಕೆ. 1956ರ ಜುಲೈ 9ರಂದು ಇದೇ ಅಮೊರ್ಗೊಸ್ ಬಳಿ 7.5ನ್ನು ಮೀರಿದ ಭೂಕಂಪವಾಗಿ, ಸುಮಾರು ಹದಿಮೂರು ನಿಮಿಷದೊಳಗೆ ಸಾಂಟೊರಿನಿಯ ಹತ್ತಿರ ಇನ್ನೊಂದು ದೊಡ್ಡದು ಬಂತು. ಸುನಾಮಿಯೂ ಎದ್ದಿತು, 53 ಮಂದಿ ತೀರಿಕೊಂಡರು. ಆ ನೆನಪು ಮನೆಮನೆಯಲ್ಲೂ ಇರುವ ಜನ ದೋಣಿ ಹತ್ತಿದರೆ ಅದನ್ನು ಪುಕ್ಕಲುತನ ಎನ್ನಲಾಗದು.

ಉತ್ತರ: ವಾಸ್ಕೊ, ಗೋವಾ

ಅಕ್ಕಾ, ನಾನು ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡಿದವನು. ಆ ದ್ವೀಪಕ್ಕೆ ಹಲವು ಸಲ ಹೋಗಿದ್ದೇನೆ. ಹಡಗು ನೀರಿನಲ್ಲೇ ನಿಂತು, ಜನರನ್ನು ಸಣ್ಣ ದೋಣಿಗಳಲ್ಲಿ ಫಿರಾ ಎಂಬ ಊರಿನ ಹಳೆಯ ಬಂದರಿಗೆ ಇಳಿಸುತ್ತಾರೆ. ತಲೆಯೆತ್ತಿದರೆ ಗೋಡೆಯಂತೆ ನಿಂತ ಕಡಿದಾದ ಬಂಡೆ. ಕಪ್ಪು ಲಾವಾ, ಕೆಂಪು ಬೂದಿ, ಬಿಳಿಯ ಪ್ಯೂಮಿಸ್ (ಜ್ವಾಲಾಮುಖಿ ಉಗುಳಿದ ತೂತುತೂತಾದ ಹಗುರ ಕಲ್ಲು) ಪದರ ಪದರವಾಗಿ ಕಾಣುತ್ತವೆ. ಪ್ಯೂಮಿಸ್ ಪದರವನ್ನು ಕೈಯಿಂದ ಕೆರೆದರೂ ಉದುರುತ್ತದೆ. ಮೇಲೆ ಹೋಗಲು ಕೇಬಲ್ ಕಾರು, ಇಲ್ಲವೇ ಹೇಸರಗತ್ತೆಗಳು ಓಡಾಡುವ ಮೆಟ್ಟಿಲು ದಾರಿ.

ದಡದಲ್ಲಿದ್ದಾಗ ನೆಲ ಜೋರಾಗಿ ನಡುಗಿದರೆ ಸುನಾಮಿಗೆ ಅಂಜಿ ಎತ್ತರಕ್ಕೆ ಓಡಬೇಕು ಎಂಬುದು ಎಲ್ಲ ಕಡೆಯ ನಿಯಮ. ಇಲ್ಲಿ ಮಾತ್ರ ಎತ್ತರಕ್ಕೆ ಹೋಗುವ ದಾರಿಯ ಮೇಲೆಯೇ ಕಲ್ಲು ಉರುಳುತ್ತದೆ. ಈ ಇಕ್ಕಟ್ಟಿಗೆ ಇರುವ ಪರಿಹಾರವೆಂದರೆ ಅಂಥ ಕಡೆ ಮೊದಲೇ ಹೋಗದಿರುವುದು. ಅದಕ್ಕೇ ಅಧಿಕಾರಿಗಳು ಆಗ ಹಳೆಯ ಬಂದರುಗಳ ಕಡೆ ಸುಳಿಯಬೇಡಿ, ಒಳಾಂಗಣದಲ್ಲಿ ದೊಡ್ಡ ಗುಂಪು ಸೇರಬೇಡಿ, ಈಜುಕೊಳಗಳ ನೀರು ಖಾಲಿ ಮಾಡಿ ಎಂದೆಲ್ಲ ಹೇಳಿದ್ದು, ಶಾಲೆಗಳನ್ನು ಮುಚ್ಚಿದ್ದು. ಕೊಳ ಬರಿದು ಮಾಡುವುದು ವಿಚಿತ್ರವೆನಿಸಬಹುದು, ಆದರೆ ಬಂಡೆಯ ಅಂಚಿನ ಹೋಟೆಲಿನಲ್ಲಿ ತುಂಬಿದ ಕೊಳದ ನೀರು ತುಯ್ದಾಡಿದರೆ ಕಟ್ಟಡಕ್ಕೇ ಅಪಾಯ.

ಉತ್ತರ: ಚಿಂಚ್‌ವಡ್, ಪುಣೆ

ಮೇಲಿನ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ಆದರೂ ಉಳಿದವರ ಪರವಾಗಿ ನಾನೊಂದು ಮಾತು ಹೇಳಬೇಕು. ದನಕರು ಇದ್ದವರು, ನಡೆಯಲಾರದ ಹಿರಿಯರು, ಬೇರೆಡೆ ಬಾಡಿಗೆ ಕೊಡಲು ಕೈಯಲ್ಲಿ ಕಾಸಿಲ್ಲದ ಕೂಲಿಕಾರರು ಎಲ್ಲಿಗೆ ಹೋಗಬೇಕು? ಉಳಿಯುವವರಿಗೆ ಮುಖ್ಯವಾಗುವುದು ತಲೆಯ ಮೇಲಿನ ಸೂರು. ನಾನು ಸಿವಿಲ್ ಎಂಜಿನಿಯರ್. ನಮ್ಮ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಆದ ಭೂಕಂಪವನ್ನು ಮರೆಯುವಂತಿಲ್ಲ. 6.2ರ ತೀವ್ರತೆಗೆ ಸುಮಾರು ಹತ್ತು ಸಾವಿರ ಜನ ಹೋಗಿದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ ಮತ್ತು ಭಾರದ ಮಾಳಿಗೆ ನಿದ್ದೆಯಲ್ಲಿದ್ದವರ ಮೇಲೆ ಕುಸಿದದ್ದರಿಂದ.

ಆದ್ದರಿಂದ, ಅಮ್ಮಾ, ಕೆಲಸಗಾರರಿಗೆ ಕೊಡುವ ಕೋಣೆ ಎಲ್ಲಿದೆ ಎಂದು ಮಾಲೀಕರನ್ನು ಕೇಳಿಸಿ. ಬಂಡೆಯ ಅಂಚಿನಲ್ಲಿದೆಯೇ, ಪೂರ್ವದ ತಗ್ಗಿನಲ್ಲಿ ಕಮಾರಿಯಂಥ ಕಡೆ ಇದೆಯೇ? ಗ್ರೀಸಿನಲ್ಲಿ 1959ರಿಂದ ಭೂಕಂಪ ನಿಯಮಾವಳಿ ಇದೆ. ಕಟ್ಟಡ ಅದಕ್ಕೂ ಹಿಂದಿನದೇ, ಗುಹೆಯ ಮಾದರಿಯದೇ? ನಡುಕ ಶುರುವಾದರೆ ಸಂಬಳ ಮುರಿಯದೆ ಹೊರಡಲು ಬಿಡುತ್ತಾರೆಯೇ? ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದ ಕೆಲಸಕ್ಕೆ ನಾನಾದರೆ ಕಳಿಸುವುದಿಲ್ಲ.

ಕೋಥ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ಮಗನಿಗೆ ಇದನ್ನೆಲ್ಲ ಓದಿಸಿದೆ. ಕೋಣೆಯ ವಿಷಯ ತನಗೆ ಹೊಳೆದೇ ಇರಲಿಲ್ಲವೆಂದು ಹೇಳಿ, ಮಾಲೀಕರಿಗೆ ಪತ್ರ ಬರೆದಿದ್ದಾನೆ. ಲಿಖಿತ ಉತ್ತರ ಬರುವವರೆಗೂ ಟಿಕೆಟ್ ತೆಗೆಸುವುದಿಲ್ಲವೆಂದು ಅವನ ತಂದೆಯೂ ಅವನೂ ಒಪ್ಪಿಕೊಂಡಿದ್ದಾರೆ.

ಉತ್ತರ: ವಾಸ್ಕೊ, ಗೋವಾ

ಹೋಗುವುದಾದರೆ, ಅಕ್ಕಾ, ಫೋನಿನಲ್ಲಿ ತುರ್ತು ಸಂದೇಶಗಳನ್ನು ಆರಿಸಿಡಬಾರದೆಂದು ಹೇಳಿ. ಅಲ್ಲಿನ 112 ಎಚ್ಚರಿಕೆ ಗ್ರೀಕ್ ಜೊತೆಗೆ ಇಂಗ್ಲಿಷಿನಲ್ಲೂ ಬರುತ್ತದೆ.