‘ದಿ ಎಕ್ಸಾರ್ಸಿಸ್ಟ್’ ಮತ್ತೆ ದೊಡ್ಡ ಪರದೆಯಲ್ಲಿ: ಕತ್ತಲೆ ಬೂದಿಬಣ್ಣಕ್ಕೆ ತಿರುಗಿದ್ದೇಕೆ?

ಕುಂಜಿಬೆಟ್ಟಿನ ಪ್ರೇಕ್ಷಕ:

ಮರುಬಿಡುಗಡೆಯಾದ ‘ದಿ ಎಕ್ಸಾರ್ಸಿಸ್ಟ್’ ಚಿತ್ರವನ್ನು ನೋಡುವುದಕ್ಕೆಂದೇ ಕಳೆದ ಭಾನುವಾರ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮಂಗಳೂರಿಗೆ ಹೋಗಿದ್ದೆ. ಪಿಶಾಚಿ ಮೈಹೊಕ್ಕ ಹುಡುಗಿಯೊಬ್ಬಳ ಕಥೆ ಹೇಳುವ, ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದ ಈ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 1973ರ ಡಿಸೆಂಬರಿನಲ್ಲಿ, ನಾನು ಹುಟ್ಟುವುದಕ್ಕೂ ಮೊದಲು. ನಾನು ಅದನ್ನು ಮೊದಲ ಸಲ ನೋಡಿದ್ದು ಹಾಸ್ಟೆಲಿನಲ್ಲಿ, ಬಾಡಿಗೆಗೆ ತಂದ ಕ್ಯಾಸೆಟ್ಟಿನಲ್ಲಿ, ಐದಾರು ಮಂದಿ ಒಂದೇ ಚಾಪೆಯ ಮೇಲೆ ಒತ್ತಿಕೊಂಡು ಕುಳಿತು. ಅಂದಿನಿಂದ ಇದನ್ನೊಮ್ಮೆ ಚಿತ್ರಮಂದಿರದಲ್ಲಿ ನೋಡಬೇಕೆಂಬ ಆಸೆ ಮನಸ್ಸಿನಲ್ಲಿ ಉಳಿದೇ ಇತ್ತು.

ಇರಾಕಿನ ಉತ್ಖನನದ ಆರಂಭದ ದೃಶ್ಯಗಳು, ಅಲ್ಲಿನ ಪ್ರಾಚೀನ ನಗರ ಹತ್ರಾದ ಬಿಸಿಲು, ಧೂಳು, ಆ ವಿಗ್ರಹದೆದುರು ನಿಲ್ಲುವ ಮುದುಕ ಪಾದ್ರಿ, ಇವೆಲ್ಲ ಕಣ್ಣು ತುಂಬುವಂತಿದ್ದವು. ಗೀರುಗಳಿಲ್ಲ, ಚಿತ್ರದ ನಡುಕವಿಲ್ಲ. ಆದರೆ ಕಥೆ ಆ ಹುಡುಗಿಯ ಮಲಗುವ ಕೋಣೆಯನ್ನು ಹೊಕ್ಕ ಮೇಲೆ ನಿರಾಸೆ ಶುರುವಾಯಿತು. ಕತ್ತಲೆ ಕಪ್ಪಾಗಿರಲಿಲ್ಲ, ಒಲೆಯ ಬೂದಿಯಂತಿತ್ತು. ಮುಖಗಳಲ್ಲಿ ಜೀವವಿಲ್ಲದೆ ಮೇಣ ಬಳಿದಂತೆ ಕಾಣುತ್ತಿತ್ತು. ಆ ಕೋಣೆಯ ಸೆಟ್ಟನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ತಣ್ಣಗಾಗಿಸಿ, ನಟರ ಬಾಯಿಂದ ನಿಜವಾದ ಉಸಿರಿನ ಹಬೆ ಬರುವಂತೆ ಚಿತ್ರೀಕರಿಸಿದ್ದರೆಂದು ಓದಿದ್ದೆ, ಅದನ್ನು ನೋಡಲೆಂದೇ ಕಾದು ಕುಳಿತಿದ್ದೆ. ಹಬೆ ಕಂಡೂ ಕಾಣದಂತೆ ಹಾದುಹೋಯಿತು. ಪರದೆಯ ಎಡಬಲಗಳಲ್ಲಿ ಉದ್ದಕ್ಕೂ ಎರಡು ಮಸುಕು ಪಟ್ಟಿಗಳು ಹೊಳೆಯುತ್ತಿದ್ದವು.

ಇದು ಡಿಜಿಟಲ್ ಪ್ರತಿಯ ದೋಷವೇ, ಡಿಜಿಟಲ್ ಪ್ರದರ್ಶನದ ಸ್ವಭಾವವೇ, ಅಥವಾ ನಾನು ಕುಳಿತ ಆ ಒಂದು ಸಭಾಂಗಣದ ಕೊರತೆಯೇ? ತಿಳಿದವರು ಹೇಳಿದರೆ ಇನ್ನೊಮ್ಮೆ ಹೋಗಬೇಕೋ ಬೇಡವೋ ಎಂದು ನಿರ್ಧರಿಸುತ್ತೇನೆ.

ಹಳೆಯ ಆಪರೇಟರ್, ಮಂಗಳೂರು:

ನಾನು ಮಂಗಳೂರಿನ ಒಂದು ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವನು. ಬೆಳಕಿಗಾಗಿ ಕಾರ್ಬನ್ ಕಡ್ಡಿ ಉರಿಸುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಕ್ಸೆನಾನ್ ದೀಪವನ್ನು ನೋಡಿ, ಕೊನೆಗೆ ರೀಲಿನ ಡಬ್ಬಿಗಳ ಜಾಗಕ್ಕೆ ಹಾರ್ಡ್ ಡಿಸ್ಕ್ ಬಂದ ಮೇಲೆ ನಿವೃತ್ತನಾದೆ. ನಿಮ್ಮ ವಿವರಣೆಯನ್ನು ಓದಿದರೆ ತಪ್ಪು ಪ್ರತಿಯಲ್ಲಿ ಇದ್ದಂತೆ ನನಗೆ ತೋರುವುದಿಲ್ಲ. ಹಗಲಿನ ದೃಶ್ಯಗಳು ಚೆನ್ನಾಗಿದ್ದು ರಾತ್ರಿಯ ದೃಶ್ಯಗಳು ಕೆಟ್ಟವೆಂದರೆ ಮೊದಲು ಅನುಮಾನಿಸಬೇಕಾದದ್ದು ದೀಪವನ್ನು, ದೀಪದ ಮುಂದೆ ಇರುವ ವಸ್ತುಗಳನ್ನು ಮತ್ತು ಸಭಾಂಗಣದೊಳಗಿನ ಬೇಡದ ಬೆಳಕನ್ನು.

ಡಿಜಿಟಲ್ ಪ್ರದರ್ಶನಕ್ಕೆ ಒಂದು ಅಳತೆ ಇದೆ. ಪೂರ್ತಿ ಬಿಳಿ ಬೆಳಕನ್ನು ಬಿಟ್ಟಾಗ ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್, ಅಂದರೆ ಚದರ ಮೀಟರಿಗೆ ಸುಮಾರು 48 ಕ್ಯಾಂಡೆಲಾ ಪ್ರಕಾಶ ಇರಬೇಕು. ಮೂರು ಆಯಾಮದ ಚಿತ್ರಗಳಿಗಾಗಿ ಲೆನ್ಸಿನ ಮುಂದೆ ಕೂರಿಸುವ ಧ್ರುವೀಕರಣದ ಫಿಲ್ಟರನ್ನು ಸಾಮಾನ್ಯ ಚಿತ್ರ ತೋರಿಸುವಾಗ ತೆಗೆಯದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಬೆಳಕು ಅಲ್ಲೇ ಇಂಗಿಹೋಗುತ್ತದೆ. ದೀಪ ಹಳತಾಗಿದ್ದರೆ, ಕೋಣೆಯ ಕಿಂಡಿಯ ಗಾಜಿನ ಮೇಲೆ ಧೂಳು ಕೂತಿದ್ದರೆ ಇನ್ನಷ್ಟು ಹೋಗುತ್ತದೆ. ಇಲ್ಲೊಂದು ಸಂಗತಿಯನ್ನು ಗಮನಿಸಿ. ಪ್ರೊಜೆಕ್ಟರಿನ ಬೆಳಕು ಹೀಗೆ ಕುಗ್ಗಿದರೂ ಬಾಗಿಲ ಮೇಲಿನ ನಿರ್ಗಮನ ಫಲಕದ ಬೆಳಕು, ಮೆಟ್ಟಿಲ ದೀಪಗಳ ಬೆಳಕು ಕುಗ್ಗುವುದಿಲ್ಲ, ಅವು ಪರದೆಯ ಮೇಲೆ ಬೀಳುತ್ತಲೇ ಇರುತ್ತವೆ. ಬಿಳಿ ಕೆಳಗಿಳಿಯುತ್ತದೆ, ಕಪ್ಪು ಇದ್ದಲ್ಲೇ ಇರುತ್ತದೆ, ಎರಡರ ನಡುವಿನ ಅಂತರ ಕಿರಿದಾಗುತ್ತದೆ. ನಿಮಗೆ ಕಂಡ ಬೂದಿಬಣ್ಣ ಅದೇ. ಬಿಸಿಲಿನ ದೃಶ್ಯದಲ್ಲಿ ಈ ನಷ್ಟ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಬೆಳಕಿನ ದಾಸ್ತಾನು ಬೇಕಾದಷ್ಟಿದೆ. ಮುಖಗಳು ಮೇಣದಂತೆ ಕಂಡವು ಎಂದಿರಿ. ಹಳೆಯ ಚಿತ್ರವನ್ನು ಸಂಸ್ಕರಿಸುವಾಗ ಫಿಲ್ಮಿನ ಕಣಗಳನ್ನು, ಅಂದರೆ ಚಿತ್ರದ ಮೇಲೆ ಮರಳಿನಂತೆ ಕಾಣುವ ಸಣ್ಣ ಚುಕ್ಕೆಗಳನ್ನು, ಅತಿಯಾಗಿ ಒರೆಸಿದರೂ ಹಾಗಾಗುತ್ತದೆ ಎಂಬುದು ನಿಜ, ಆದರೆ ಮಂಕು ಬೆಳಕಿನಲ್ಲಿ ಕಣ ಇದ್ದರೂ ಕಣ್ಣಿಗೆ ಹತ್ತುವುದಿಲ್ಲ. ಸರಿಯಾದ ಬೆಳಕಿನಲ್ಲಿ ನೋಡದೆ ಸಂಸ್ಕರಣದವರನ್ನು ದೂರಬಾರದು.

ಬದಿಯ ಪಟ್ಟಿಗಳ ವಿಷಯ ಸರಳ. ಈ ಚಿತ್ರದ ಚೌಕಟ್ಟಿನ ಅಗಲ ಎತ್ತರದ 1.85 ಪಟ್ಟು. ನಿಮ್ಮ ಪರದೆ ಸ್ಕೋಪ್ ಚಿತ್ರಗಳಿಗೆಂದು ಮಾಡಿದ, 2.39 ಪಟ್ಟು ಅಗಲದ್ದು. ಉಳಿದ ಜಾಗವನ್ನು ಕಪ್ಪು ಬಟ್ಟೆಯ ಮರೆಯಿಂದ ಮುಚ್ಚಬೇಕು. ನಮ್ಮ ಕಾಲದಲ್ಲಿ ಆಟ ಶುರುವಾಗುವ ಮೊದಲು ಆ ಮರೆಯನ್ನು ಸರಿಸುವುದು ಆಪರೇಟರನ ಕರ್ತವ್ಯವಾಗಿತ್ತು, ಮಾಡದಿದ್ದರೆ ಮೊದಲ ಸಾಲಿನವರೇ ಕೂಗಿ ಎಚ್ಚರಿಸುತ್ತಿದ್ದರು. ಈಗ ಎಷ್ಟೋ ಕಡೆ ಆ ಮರೆಯೇ ಇಲ್ಲ.

ಹಾಗೆಂದು ಫಿಲ್ಮಿನ ಕಾಲವೇ ಸ್ವರ್ಗವಾಗಿತ್ತು ಎಂದು ನಾನು ಹೇಳಲಾರೆ. ಊರೂರು ಸುತ್ತಿ ಸವೆದ ಪ್ರಿಂಟು ಆಷಾಢದ ತೇವದಲ್ಲಿ ನಮ್ಮ ಕೈಗೆ ಬಂದಾಗ ಪರದೆಯ ಮೇಲೂ ಗೀರುಗಳ ಮಳೆ ಸುರಿಯುತ್ತಿತ್ತು. 2000 ಅಡಿಯ ಒಂದು ರೀಲು ಸುಮಾರು 22 ನಿಮಿಷ ಓಡುತ್ತದೆ. ಅದು ಮುಗಿಯುವ ಹೊತ್ತಿಗೆ ಚೌಕಟ್ಟಿನ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ, ಆಗ ಎರಡನೆಯ ಯಂತ್ರದ ಮೋಟಾರು ಚಾಲೂ ಮಾಡಬೇಕು. ಎರಡನೆಯ ಚುಕ್ಕಿಗೆ ಬೆಳಕನ್ನು ಬದಲಿಸಬೇಕು. ಒಂದು ಕ್ಷಣ ತಪ್ಪಿದರೂ ಭಯದ ದೃಶ್ಯ ಅಲ್ಲಿಗೇ ಸತ್ತಂತೆ. ಡಿಜಿಟಲ್ ಆ ಆತಂಕವನ್ನು ನಿವಾರಿಸಿತು, ಅದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದರೆ ಆಟ ನಡೆಯುವಾಗ ಕಿಂಡಿಯಿಂದ ಪರದೆಯತ್ತ ನೋಡುತ್ತಿದ್ದ ಒಂದು ಜೋಡಿ ಕಣ್ಣುಗಳನ್ನೂ ಅದು ಮನೆಗೆ ಕಳುಹಿಸಿತು. ಯಂತ್ರ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವಲ್ಲಿ, ಕತ್ತಲೆ ಕಪ್ಪಾಗಿದೆಯೇ ಎಂದು ನೋಡುವವರು ಯಾರು?

ಮತ್ತೆ ಹೋಗುವುದಾದರೆ ಕುಳಿತಲ್ಲಿಂದ ಹಿಂದಿರುಗಿ ಕಿಂಡಿಯನ್ನು ನೋಡಿ. ಕೆಲವು ಬಗೆಯ ಯಂತ್ರಗಳಲ್ಲಿ ಒಂದರ ಮೇಲೊಂದು ಎರಡು ಬೆಳಕಿನ ಕೋಲುಗಳು ಕಂಡರೆ ಮೂರು ಆಯಾಮದ ಲೆನ್ಸು, ಅದರೊಂದಿಗೆ ಆ ಫಿಲ್ಟರು, ಅಲ್ಲೇ ಇದೆಯೆಂದು ತಿಳಿಯಬಹುದು. ಆಟಕ್ಕೆ ಮೊದಲೇ ವ್ಯವಸ್ಥಾಪಕರಿಗೆ ಹೇಳಿ, ಮಧ್ಯಂತರದವರೆಗೆ ಕಾಯಬೇಡಿ.

ಕದ್ರಿಯ ಓದುಗಿ:

ನಾನು ಅದೇ ಚಿತ್ರವನ್ನು ನಗರದ ಬೇರೊಂದು ಸಭಾಂಗಣದಲ್ಲಿ, ನನ್ನ ತಾಯಿಯೊಂದಿಗೆ ನೋಡಿದೆ. ನಮ್ಮಲ್ಲಿ ಕತ್ತಲೆ ಸರಿಯಾಗಿಯೇ ಇತ್ತು, ಹಬೆ ಸ್ಪಷ್ಟವಾಗಿ ಕಂಡಿತು, ಹಾಗಾಗಿ ಪ್ರತಿಯಲ್ಲಿ ದೋಷವಿಲ್ಲ ಎಂಬ ಮೇಲಿನ ಮಾತನ್ನು ನಾನು ಅನುಮೋದಿಸುತ್ತೇನೆ. ಒಂದು ಪ್ರಶ್ನೆ: ಹುಡುಗಿ ಬೆನ್ನು ಬಾಗಿಸಿಕೊಂಡು ಜೇಡದಂತೆ ಮೆಟ್ಟಿಲಿಳಿಯುವ ದೃಶ್ಯ ನಿಮ್ಮ ಪ್ರದರ್ಶನದಲ್ಲಿ ಇತ್ತೇ? ಇದ್ದಿದ್ದರೆ ನೀವು ನೋಡಿದ್ದು 2000ದಲ್ಲಿ ಬಿಡುಗಡೆಯಾದ, ಸುಮಾರು 132 ನಿಮಿಷಗಳ ಹಿಗ್ಗಿಸಿದ ರೂಪ; ಇಲ್ಲದಿದ್ದರೆ 1973ರ 122 ನಿಮಿಷಗಳ ಮೂಲ. ಹಿಗ್ಗಿಸಿದ ರೂಪದಲ್ಲಿ ಕತ್ತಲೆಯ ನಡುವೆ ಅಲ್ಲಲ್ಲಿ ಪಿಶಾಚಿಯ ಮುಖವನ್ನು ಕಂಪ್ಯೂಟರಿನಿಂದ ಸೇರಿಸಿದ್ದಾರೆ. ಮೂಲದಲ್ಲಿ ಆ ಬಿಳಿಚಿದ ಮುಖ ಕೆಲವೇ ಚೌಕಟ್ಟುಗಳಷ್ಟು ಮಾತ್ರ ಮಿಂಚಿ ಮಾಯವಾಗುತ್ತದೆ, ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಬೆರಳೆಣಿಕೆಯವು. ನನಗೆ ಮೂಲವೇ ಮೇಲು. ಕಂಡದ್ದು ನಿಜವೋ ಭ್ರಮೆಯೋ ಎಂದು ಪಕ್ಕದವರನ್ನು ಕೇಳುವಂತಾಗಬೇಕು.

ಕತ್ತಲೆಯ ಬಗ್ಗೆ ನಾನು ಹೇಳಬೇಕೆಂದಿರುವುದು ಬೇರೆ. ನಮ್ಮ ಜಿಲ್ಲೆಗಳಲ್ಲಿ ‘ಭೂತ’ ಎಂದರೆ ದೆವ್ವವಲ್ಲ, ದೈವ. ಮೈಮೇಲೆ ಬರುವುದು, ದರ್ಶನವಾಗುವುದು, ನುಡಿ ಕೊಡುವುದು ಇವೆಲ್ಲ ನಾವು ಬಾಲ್ಯದಿಂದ ಕೈಮುಗಿದು ನೋಡಿದ ಸಂಗತಿಗಳು. ಹಾಗಾಗಿ ಆವೇಶವೆಂಬುದೇ ಭಯಾನಕವೆಂದು ಹೇಳುವ ಚಿತ್ರವನ್ನು ನನ್ನ ತಾಯಿ ಹೇಗೆ ಸ್ವೀಕರಿಸುತ್ತಾರೋ ಎಂಬ ಅಳುಕು ನನಗಿತ್ತು. ಅವರು ಹೊರಗೆ ಬಂದ ಮೇಲೆ ನೆನೆದದ್ದು ಅಜ್ಜನ ಮನೆಯ ದೈವದ ನೇಮವನ್ನು. ದೀವಟಿಗೆಯ ಬೆಳಕಿನಲ್ಲಿ ಅರದಾಳದ ಹಳದಿ ಬಣ್ಣ ಹಚ್ಚಿದ ಮುಖ ಒಮ್ಮೆ ಹೊಳೆದು ಒಮ್ಮೆ ಕತ್ತಲಿಗೆ ಸೇರುತ್ತಿತ್ತಂತೆ, ಮುಖ ಕಾಣದಿದ್ದಾಗ ಕಾಲಿನ ಗಗ್ಗರದ ಸದ್ದು ಮಾತ್ರ ಹತ್ತಿರ ಬರುತ್ತಿತ್ತಂತೆ. ಅಂಗಳದ ತುಂಬ ಹ್ಯಾಲೊಜೆನ್ ದೀಪ ಹಾಕಲು ತೊಡಗಿದ ವರ್ಷದಿಂದ ಬಣ್ಣದ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ಮೈ ಜುಮ್ಮೆನ್ನುವುದಿಲ್ಲ ಎಂದರು. ನಿಮ್ಮ ಸಭಾಂಗಣದಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ ಇರಬೇಕು. ಮುಖಕ್ಕೆ ಹಚ್ಚಿದ ಬಣ್ಣವನ್ನು ಮರೆಸಬೇಕಾದ ಕತ್ತಲೆಯನ್ನು ಬೇಡದ ಬೆಳಕು ತಿಂದುಹಾಕಿದೆ.

ಮಲ್ಪೆಯ ಶ್ರೋತೃ:

ಬೆಳಕಿನ ಚರ್ಚೆಗೆ ಶಬ್ದದ ಒಂದು ಮಾತು ಸೇರಿಸುತ್ತೇನೆ. ಈ ಚಿತ್ರ 10 ಆಸ್ಕರ್ ನಾಮನಿರ್ದೇಶನಗಳನ್ನು ಪಡೆದು, ಗೆದ್ದದ್ದು ಎರಡನ್ನು. ಅವುಗಳಲ್ಲಿ ಒಂದು ಶಬ್ದಕ್ಕೆ. ಪಿಶಾಚಿಯ ಧ್ವನಿ ಮರ್ಸಿಡಿಸ್ ಮೆಕ್ಯಾಂಬ್ರಿಜ್ ಎಂಬ ನಟಿಯದು. ಆ ಗಂಟಲಿನ ಕರಕರ ಹಿಂದಿನ ಸಾಲಿಗೂ ತಲುಪಬೇಕಾದರೆ ಅಟ್ಟದ ಮೇಲಿನ ಗೀಚುವ ಸದ್ದು ಅದಕ್ಕೆ ಮೊದಲು ಅಷ್ಟೇ ಮೆಲ್ಲಗೆ ಕೇಳಿರಬೇಕು. ಸಾಹಸಚಿತ್ರಗಳ ಅಬ್ಬರಕ್ಕೆ ದೂರು ಬಂತೆಂದು ಧ್ವನಿಯನ್ನು ತಗ್ಗಿಸಿಟ್ಟ ಸಭಾಂಗಣದಲ್ಲಿ ಆ ಗೀಚುವಿಕೆ ಹವಾನಿಯಂತ್ರಣದ ಗುಂಯ್‌ಗುಡುವಿಕೆಯಲ್ಲಿ ಮುಳುಗಿಹೋಗುತ್ತದೆ. ಬೆಳಕಿನ ಬಗ್ಗೆ ಹೇಳುವಾಗ ಅದನ್ನೂ ಹೇಳಿ.

ಕುಂಜಿಬೆಟ್ಟಿನ ಪ್ರೇಕ್ಷಕ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಮತ್ತೆ ಹೋದೆ, ಅದೇ ಸಭಾಂಗಣಕ್ಕೆ. ಜಾಹೀರಾತುಗಳು ಓಡುತ್ತಿದ್ದಾಗಲೇ ತಿರುಗಿ ನೋಡಿದೆ: ಕಿಂಡಿಯಲ್ಲಿ ಎರಡು ಬೆಳಕಿನ ಕೋಲುಗಳು, ಒಂದರ ಮೇಲೊಂದು. ಹೊರಗೆ ಹೋಗಿ ವ್ಯವಸ್ಥಾಪಕರಿಗೆ ವಿವರಿಸಿದೆ. ಅವರು ಬೇಸರಿಸದೆ ಕೇಳಿಸಿಕೊಂಡು ಒಬ್ಬ ತರುಣನನ್ನು ಮೇಲೆ ಕಳುಹಿಸಿದರು. ಚಿತ್ರ ಏಳೆಂಟು ನಿಮಿಷ ತಡವಾಗಿ ಆರಂಭವಾಯಿತು, ಯಾರೂ ಗೊಣಗಲಿಲ್ಲ. ಬದಿಯ ಪಟ್ಟಿಗಳು ಹಾಗೆಯೇ ಉಳಿದವು, ಅಲ್ಲಿ ಮರೆಯ ಬಟ್ಟೆಯೇ ಇಲ್ಲವಂತೆ. ಧ್ವನಿಯನ್ನು ಹೆಚ್ಚಿಸಲು ಅವರು ಒಪ್ಪಲಿಲ್ಲ. ಜೇಡದಂತೆ ಇಳಿಯುವ ದೃಶ್ಯ ಇರಲಿಲ್ಲ, ಆದ್ದರಿಂದ ಇದು ಮೂಲ ರೂಪವೇ.

ಬೀದಿದೀಪದ ಕೆಳಗೆ ಪಾದ್ರಿ ಬಂದು ನಿಲ್ಲುವ ದೃಶ್ಯದಲ್ಲಿ ಮಂಜು, ಟೊಪ್ಪಿಗೆ, ಕೈಚೀಲ ಒಂದೊಂದೂ ಬೇರೆಬೇರೆ ಕಪ್ಪಾಗಿ ಕಂಡವು. ಆಮೇಲೆ ಆ ಕೋಣೆ. ಇಬ್ಬರು ಪಾದ್ರಿಗಳು ಹಾಸಿಗೆಯ ಬಳಿ ನಿಂತು ಪ್ರಾರ್ಥನೆ ಪಠಿಸುತ್ತಿರುವಾಗ ಮುದುಕನ ಬಾಯಿಂದ ಬಿಳಿಯ ಹಬೆ ಹೊರಟು, ದೀಪದ ಬೆಳಕಿನ ಅಂಚಿನವರೆಗೆ ತೇಲಿ, ಅಲ್ಲಿಂದಾಚೆ ಕತ್ತಲಲ್ಲಿ ಕರಗಿತು. ನನ್ನ ಮುಂದಿನ ಸಾಲಿನ ಹುಡುಗನೊಬ್ಬ ಜಾಕೆಟ್ಟನ್ನು ಕೊರಳಿನವರೆಗೆ ಎಳೆದುಕೊಂಡ.