ಬಾತಿನ ಹೊಂಡಕ್ಕೆ ನಾಲ್ಕು ತಜ್ಞರು

ಬಾತು ಸಾಕಿದ್ದೇನೆ ಅಂದರೆ ಜನ ಮೊದಲ ಸಲ ಮೊಟ್ಟೆ ಕೇಳಿಕೊಂಡು ಬರುತ್ತಾರೆ. ಎರಡನೇ ಸಲ ಬಂದಾಗ ಮೂಗು ಮುಚ್ಚಿಕೊಂಡು, "ಎಂತ ಮಾರಾಯಾ ಇದು ವಾಸನೆ" ಅನ್ನುತ್ತಾರೆ. ಮೂರನೇ ಸಲ ಬರುವುದಿಲ್ಲ. ಆದರೂ ಪ್ರತಿ ಭಾನುವಾರ ತಪ್ಪದೆ ಬರುವವರು ಮೂರು ಜನ ಇದ್ದಾರೆ. ಪಕ್ಕದ ತೋಟದ ಗೌಡ್ರು, ಹೈಸ್ಕೂಲಲ್ಲಿ ವಿಜ್ಞಾನ ಹೇಳಿ ರಿಟೈರ್ ಆದ ಮೇಷ್ಟ್ರು, ಮತ್ತೆ ನನ್ನ ಭಾವ. ಅವರು ಬರುವುದು ಅಮ್ಮನ ಕಾಫಿಗೆ. ಹೊಂಡದ ಬಗ್ಗೆ ಸಲಹೆ ಕೊಡುವುದು ಆ ಕಾಫಿಯ ಬಿಲ್ಲು.

ನಮ್ಮದು ಮೂಡಿಗೆರೆ ಕಡೆ. ಹೋದ ಬೇಸಿಗೆಯಲ್ಲಿ ಹಿತ್ತಲಲ್ಲಿ 10 ಅಡಿ ಉದ್ದ, 8 ಅಡಿ ಅಗಲ, 2 ಅಡಿ ಆಳದ ಒಂದು ಹೊಂಡ ತೋಡಿಸಿ, ಟಾರ್ಪಾಲು ಹಾಸಿ ನೀರು ಬಿಟ್ಟೆ. ಲೆಕ್ಕ ಹಾಕಿದರೆ ಸುಮಾರು ನಾಲ್ಕೂವರೆ ಸಾವಿರ ಲೀಟರ್. ಆರು ಬಾತಿಗೆ ಇದು ಸಮುದ್ರ ಅಂದುಕೊಂಡೆ. ಒಂದು ವಾರಕ್ಕೆ ನೀರು ಒಂದೆಲಗದ ತಂಬುಳಿ ಬಣ್ಣಕ್ಕೆ ಬಂತು. ಮೂರು ವಾರಕ್ಕೆ ಡಿಕಾಕ್ಷನ್ ಆಯಿತು. ಬಾತುಗಳಿಗೆ ಮಾತ್ರ ಏನೂ ಬೇಜಾರಿಲ್ಲ. ಬಾಯಲ್ಲಿ ಮಣ್ಣು ತುಂಬಿಕೊಂಡು ಬರುವುದು, ನೀರಲ್ಲಿ ಕೊಕ್ಕು ತೊಳೆಯುವುದು, ಅಲ್ಲೇ ಹಿಕ್ಕೆ ಹಾಕುವುದು, ಮತ್ತೆ ಅದೇ ನೀರಲ್ಲಿ ರೆಕ್ಕೆ ತೊಳೆದುಕೊಂಡು ಮದುವೆ ಮನೆಗೆ ಹೊರಟವರ ಹಾಗೆ ಸಾಲಾಗಿ ಹೋಗುವುದು.

ಮೊದಲು ಬಾಯಿ ಬಿಟ್ಟವರು ಗೌಡ್ರು. ಕಾಫಿ ಬೆಳೆಗಾರರ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಔಷಧಿ.

"ಒಂದು ಹಿಡಿ ಮೈಲುತುತ್ತ ಹಾಕಿ. ಪಾಚಿ ಸತ್ತುಹೋಗುತ್ತೆ."

"ಗೌಡ್ರೇ, ಅದು ತೋಟಕ್ಕೆ ಬೋರ್ಡೋ ದ್ರಾವಣ ಮಾಡಿ ಹೊಡೆಯೋಕೆ."

"ಮೆಣಸಿನ ಬಳ್ಳಿಗೆ ಆಗುತ್ತೆ, ಅಡಿಕೆಗೆ ಆಗುತ್ತೆ, ನಿಮ್ಮ ಹೊಂಡಕ್ಕೆ ಯಾಕೆ ಆಗಲ್ಲ? ಜೊತೆಗೆ ಸ್ವಲ್ಪ ಸುಣ್ಣ ಸೇರಿಸಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದು ಪಾಠ ಶುರುವಾಗುವ ಗಂಟೆ. "ಪಾಚಿ ಸಾಯುತ್ತೆ, ಸರಿ. ಸತ್ತ ಪಾಚಿ ಎಲ್ಲಿ ಹೋಗುತ್ತೆ? ಅಲ್ಲೇ ಕೊಳೆಯುತ್ತೆ. ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತೆ, ವಾಸನೆ ಇನ್ನೂ ಜಾಸ್ತಿ. ಮೈಲುತುತ್ತದ ತಾಮ್ರ ಕೆಸರಲ್ಲಿ ಉಳಿಯುತ್ತೆ, ಬಾತು ಆ ಕೆಸರನ್ನೇ ಕೆದಕಿ ತಿನ್ನುತ್ತೆ. ಪಾಚಿ ಕಾಯಿಲೆ ಅಲ್ಲ ಗೌಡ್ರೇ, ಜ್ವರ ಇದ್ದ ಹಾಗೆ. ಕಾಯಿಲೆ ಹಿಕ್ಕೆ."

ಅಂದರೆ ವಿಷಯ ಇಷ್ಟು. ಹಿಕ್ಕೆ ನೀರಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಆ ನೈಟ್ರೇಟು ಗಿಡಕ್ಕೆ ಊಟ. ಗಿಡ ಇಲ್ಲದಿದ್ದರೆ ಆ ಊಟ ಪಾಚಿಗೆ. ಬಡಿಸಿದ ಎಲೆ ಅಂತೂ ಖಾಲಿ ಇರುವುದಿಲ್ಲ, ಯಾರನ್ನು ಕೂರಿಸಬೇಕು ಅಂತ ನಾವು ನೋಡಿಕೊಳ್ಳಬೇಕು, ಅಷ್ಟೇ.

"ಹಾಗಾದರೆ ಗಿಡ ಹಾಕು ಮಾರಾಯಾ" ಅಂದ ಭಾವ. ಹೇಳುವುದು ಸುಲಭ.

ಅದೇ ಸಂಜೆ ಕೆರೆಯಿಂದ ನಾಲ್ಕು ನೈದಿಲೆ ಗೆಡ್ಡೆ ತಂದು ಇಳಿಸಿದೆ. ಸೋಮವಾರ ಸಂಜೆ ನೋಡಿದರೆ ಎಲೆ ಇಲ್ಲ, ದಂಟಿಲ್ಲ, ಗೆಡ್ಡೆಗಳು ಮಾತ್ರ ತಲೆಕೆಳಗಾಗಿ ತೇಲುತ್ತಿವೆ. ಭಾವನಿಗೆ ಫೋನ್ ಮಾಡಿದೆ. ಅವನು ಹಸುಗಳಿಗೆ ಅಂತ ತೊಟ್ಟಿಯಲ್ಲಿ ಅಜೋಲಾ ಅನ್ನುವ ತೇಲುವ ಸಣ್ಣ ಗಿಡ ಬೆಳೆಸುತ್ತಾನೆ, ಅದರ ಗುಣಗಾನ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. "ಮೂರ್ನಾಲ್ಕು ದಿನಕ್ಕೆ ಎರಡರಷ್ಟಾಗುತ್ತೆ" ಅಂತ ಒಂದು ಬುಟ್ಟಿ ತಂದು ಸುರಿದ. ಆರು ಕೊಕ್ಕುಗಳು ಹೊಲಿಗೆ ಮಿಷಿನ್ನಿನ ಸೂಜಿ ಥರ ಟಕಟಕ ಅಂತ ಶುರುಮಾಡಿದವು. ನಮ್ಮ ಕಾಫಿ ಲೋಟ ಖಾಲಿ ಆಗುವುದರೊಳಗೆ ಹೊಂಡ ಮತ್ತೆ ಬೋಳು. ಮೇಷ್ಟ್ರು ಆಮೇಲೆ ಹೇಳಿದರು, ಅಜೋಲಾ ಈ ಕೆಲಸಕ್ಕೆ ಅಷ್ಟು ಗಟ್ಟಿ ಆಳಲ್ಲವಂತೆ. ಅದರ ಎಲೆಯೊಳಗೆ ಬಾಡಿಗೆಗೆ ಇರುವ ಒಂದು ಸೂಕ್ಷ್ಮಜೀವಿ ಗಾಳಿಯಿಂದಲೇ ಸಾರಜನಕ ಹಿಡಿದುಕೊಡುತ್ತದೆ. ಮನೆಯಲ್ಲೇ ಊಟ ಇರುವಾಗ ಹೋಟೆಲ್ಲಿಗೆ ಯಾಕೆ ಹೋಗುತ್ತೆ?

"ಅಂತರಗಂಗೆ ಹಾಕಿದ್ರೆ?" ಅಂದರು ಗೌಡ್ರು. ನಮ್ಮ ಕಡೆ ನೀರ ಮೇಲೆ ತೇಲುವ ಕಳೆಗೆಲ್ಲ ಇದೊಂದೇ ಹೆಸರು. ಗೌಡ್ರು ಹೇಳಿದ್ದು ನೀಲಿ ಹೂ ಬಿಡುವ, ಉಬ್ಬಿದ ದಂಟಿನ ಗಿಡ. ಮೇಷ್ಟ್ರು ಹೌಹಾರಿದರು. ಅದು ದಕ್ಷಿಣ ಅಮೆರಿಕದ ಗಿಡ, ಹೂ ಚೆಂದ ಅಂತ ಯಾರೋ ತಂದು ಇವತ್ತಿಗೂ ದೇಶದ ಕೆರೆಗಳೆಲ್ಲ ಅನುಭವಿಸುತ್ತಿವೆ. ಕೊಳಕು ಹೀರುವುದರಲ್ಲಿ ಅದು ನಿಜವಾಗಿ ಗಟ್ಟಿ. ಹರಡುವುದರಲ್ಲಿ ಇನ್ನೂ ಗಟ್ಟಿ. "ನಿಮ್ಮ ಹೊಂಡ ಮಳೆಗಾಲದಲ್ಲಿ ತುಂಬಿ ಹರಿದರೆ ಆ ನೀರು ಹಳ್ಳಕ್ಕೆ, ಹಳ್ಳ ಹೇಮಾವತಿಗೆ. ಹೇಮಾವತಿ ಹುಟ್ಟೋದೇ ನಮ್ಮ ತಾಲ್ಲೂಕಲ್ಲಿ, ಬಲ್ಲಾಳರಾಯನದುರ್ಗದ ಹತ್ತಿರ. ಹುಟ್ಟಿದ ಕೂಡಲೇ ಆ ಮಗುವಿಗೆ ಈ ಶನಿ ಗಂಟು ಹಾಕೋದಾ? ಸೀದಾ ಗೊರೂರು ಡ್ಯಾಮಿಗೆ ಹೋಗಿ ಸಂಸಾರ ಹೂಡುತ್ತೆ."

ಗೊರೂರಿನವರ ಶಾಪ ಯಾರಿಗೆ ಬೇಕು. ಬಿಟ್ಟೆವು.

ಕೊನೆಗೆ ತೀರ್ಮಾನ ಆಗಿದ್ದು, ಗಿಡ ಒಂದು ಕಡೆ, ಬಾತು ಒಂದು ಕಡೆ, ನೀರು ಮಾತ್ರ ಓಡಾಡಲಿ ಅಂತ. ಹೊಂಡದ ದಡದ ಮೇಲೆ ಸ್ವಲ್ಪ ಎತ್ತರಕ್ಕೆ 5 ಅಡಿ ಉದ್ದ, 4 ಅಡಿ ಅಗಲಕ್ಕೆ ಇಟ್ಟಿಗೆ ಕಟ್ಟಿ, ಒಂದಡಿ ದಪ್ಪಕ್ಕೆ ಜಲ್ಲಿ ತುಂಬಿದೆವು. ಹೊಂಡದ ಕಾಲು ಭಾಗದಷ್ಟು ಜಾಗ. ಸಣ್ಣ ಪಂಪು ನೀರನ್ನು ಜಲ್ಲಿಯ ತಳಕ್ಕೆ ಬಿಡುತ್ತದೆ, ನೀರು ಕಲ್ಲುಗಳ ಸಂದಿಯಲ್ಲಿ ಮೇಲಕ್ಕೆ ಬಂದು ಒಂದು ಪೈಪಿನ ಮೂತಿಯಿಂದ ಮತ್ತೆ ಹೊಂಡಕ್ಕೆ ಬೀಳುತ್ತದೆ. ಸುತ್ತ ಕೋಳಿ ಮೆಶ್ಶು. ಜಲ್ಲಿಯಲ್ಲಿ ಕೆಂಪು ಹೂವಿನ ಕಾಬಾಳೆ, ಲಾವಂಚ, ಬಜೆ ನೆಟ್ಟೆ. ಮಿಕ್ಕ ಮೂಲೆಗೆ ಅಮ್ಮ ಬಂದು ನನ್ನ ಕೇಳದೆ ಕೆಸು ಊರಿದರು. "ನೀರು ಕುಡಿಯೋ ಗಿಡ, ಇರಲಿ" ಅಂದರು. ಇದನ್ನು ಜ್ಞಾಪಕ ಇಟ್ಟುಕೊಳ್ಳಿ.

ಎರಡೇ ವಾರಕ್ಕೆ ಕಟ್ಟಿಕೊಂಡಿತು. ಪೈಪಿನ ಮೂತಿಯಿಂದ ನೀರು ಬರುವ ಬದಲು ಇಟ್ಟಿಗೆ ಸಂದಿಯಿಂದೆಲ್ಲ ಕಪ್ಪು ಕೆಸರು ಜಿನುಗುತ್ತಿದೆ. ಆ ಜಲ್ಲಿಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತೊಳೆದ ದಿನ ನಾನು ಬಾತುಗಳ ಮುಖ ನೋಡಿ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಭಾವ ಆಗ ಒಂದು ಒಳ್ಳೆ ಮಾತು ಹೇಳಿದ, ಜೀವನದಲ್ಲಿ ಎರಡನೇ ಸಲ. "ಕಾಫಿ ಹಣ್ಣು ಸುಲಿದ ಪಲ್ಪರ್ ನೀರನ್ನ ಸೀದಾ ಬಿಡ್ತೀವಾ? ಮೊದಲು ತೊಟ್ಟಿಯಲ್ಲಿ ನಿಲ್ಲಿಸ್ತೀವಲ್ಲ?" ಹೌದಲ್ವಾ! 200 ಲೀಟರಿನ ಹಳೇ ಡ್ರಮ್ಮು ತಂದು ಮಧ್ಯೆ ಇಟ್ಟೆವು. ನೀರು ಮೊದಲು ಡ್ರಮ್ಮಿಗೆ, ಗಸಿ ಅಡಿಗೆ ಕೂರುತ್ತದೆ, ಮೇಲಿನ ತಿಳಿ ಮಾತ್ರ ಜಲ್ಲಿಗೆ. ಮೂರು ದಿನಕ್ಕೊಂದು ಸಲ ಡ್ರಮ್ಮಿನ ಬುಡದ ನಲ್ಲಿ ತಿರುಗಿಸಿದರೆ ಗಸಿ ಬಾಳೆ ಬುಡಕ್ಕೆ. ಆ ಬಾಳೆಯನ್ನು ನೀವು ನೋಡಬೇಕು, ಕಾಂಡ ಅಪ್ಪಿದರೆ ಕೈಗೆ ಸಿಗಲ್ಲ.

ಆದರೂ ನೀರು ತಿಳಿ ಆಗಲಿಲ್ಲ. ಗೌಡ್ರು ವಾರ ವಾರ ಬಂದು ಇಣುಕಿ, "ಮೈಲುತುತ್ತ..." ಅಂತ ರಾಗ ಎಳೆಯುವರು. ಮೇಷ್ಟ್ರು ತಡೆಯುವರು. ಕಲ್ಲಿನ ಮೇಲೆ ಆ ಬ್ಯಾಕ್ಟೀರಿಯಾ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು, ಬ್ಲೀಚಿಂಗ್ ಪೌಡರು ಗೀಚಿಂಗ್ ಪೌಡರು ಹಾಕಿದರೆ ಮತ್ತೆ ಮೊದಲಿಂದ. ಏಳನೇ ವಾರದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡುತ್ತೇನೆ, ಹೊಂಡದ ತಳದಲ್ಲಿ ಟಾರ್ಪಾಲಿನ ನೀಲಿ ಕಾಣುತ್ತಿದೆ, ಅದರ ಮೇಲೆ ನಾನು ಮೂರು ತಿಂಗಳಿಂದ ಹುಡುಕುತ್ತಿದ್ದ ಸ್ಟೀಲ್ ಲೋಟ.

ಸ್ಫಟಿಕದ ಥರ ಅಂತ ಸುಳ್ಳು ಹೇಳಲ್ಲ. ಆರು ಬಾತು ಇರುವ ಇಷ್ಟು ಸಣ್ಣ ಹೊಂಡ ಹಾಗೆ ಆಗುವುದೂ ಇಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋಗಿ ಪಂಪು ನಿಂತಾಗ ಜಲ್ಲಿ ಮತ್ತೆ ಗಬ್ಬು ನಾರಿತ್ತು. ಇನ್ನೊಂದು ಕೆಲಸ ಇದೆ, ಗಿಡ ಬೆಳೆದ ಹಾಗೆ ಕೊಯ್ಯುತ್ತಿರಬೇಕು. ಗಿಡ ನುಂಗಿದ್ದು ಗಿಡದಲ್ಲೇ ಇರುತ್ತದೆ, ಎಲೆ ಅಲ್ಲೇ ಉದುರಿ ಕೊಳೆತರೆ ನುಂಗಿದ್ದೆಲ್ಲ ವಾಪಸ್ಸು. ಕಾಬಾಳೆ ಕೊಯ್ದಿದ್ದು ಗೊಬ್ಬರ ಗುಂಡಿಗೆ ಹೋಗುತ್ತದೆ.

"ಏನೇ ಹೇಳಿ, ಈ ಹೊಂಡದ ನೀರು ಮುಟ್ಟಿದ ಯಾವುದನ್ನೂ ನಾನು ಬಾಯಿಗೆ ಇಡಲ್ಲ" ಅಂದರು ಗೌಡ್ರು ಒಂದು ದಿನ.

"ವಾರಕ್ಕೆ ಒಂದು ಡಜನ್ ಮೊಟ್ಟೆ ತಗೊಂಡು ಹೋಗ್ತೀರಲ್ಲ?"

"ಅದಕ್ಕೆ ಚಿಪ್ಪು ಇರುತ್ತೆ ಕಣ್ರೀ."

ಹೋದ ಭಾನುವಾರ ಜಡಿಮಳೆ. ಜಗಲಿಯಲ್ಲಿ ಕೂತಿದ್ದೆವು. ಅಮ್ಮ ಬಿಸಿ ಬಿಸಿ ಪತ್ರೊಡೆ ತಂದಿಟ್ಟರು, ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದ್ದು. ಪತ್ರೊಡೆ ವಿಷಯದಲ್ಲಿ ಗೌಡ್ರು ಬಹಳ ಕಟ್ಟುನಿಟ್ಟು. ಮರದ ಮೇಲೆ ಬೆಳೆಯುವ ಮರಗೆಸುವಿನದ್ದೇ ಆಗಬೇಕು, ನೆಲದ ಕೆಸು ಅವರ ಪ್ರಕಾರ ಹಂದಿಗೆ. ನಾಲ್ಕು ತುಂಡು ಮುಗಿಸಿ ಕಣ್ಣು ಮುಚ್ಚಿಕೊಂಡರು. "ಇದು ನೋಡಿ ಪತ್ರೊಡೆ ಅಂದ್ರೆ. ಮರಗೆಸು ನಾಲಿಗೆಗೆ ಗೊತ್ತಾಗುತ್ತೆ. ಯಾವ ಮರದ್ದಮ್ಮಾ?"

"ಮರ ಎಂತದು ಗೌಡ್ರೇ, ಇಲ್ಲೇ ಹಿತ್ತಲಿನ ಜಲ್ಲಿಯದ್ದು. ಈ ಸಲ ಗೊಬ್ಬರ ಚೆನ್ನಾಗಿ ಬಿದ್ದಿತ್ತು."

ಮೇಷ್ಟ್ರು ಕನ್ನಡಕ ತೆಗೆದರು. ಭಾವ ಮಳೆ ನೋಡತೊಡಗಿದ. ಗೌಡ್ರ ಕೈಯಲ್ಲಿ ಐದನೇ ತುಂಡು ಬಾಯಿಯ ಹತ್ತಿರ ಬಂದು ಹಾಗೇ ನಿಂತಿತು. ಹಿತ್ತಲಲ್ಲಿ ಬಾತೊಂದು ಕ್ವಾಕ್ ಅಂತು.

"ಚೆನ್ನಾಗಿ ಬೆಂದಿದೆ ತಾನೇ?" ಅಂತ ಕೇಳಿ, ಬಾಯಿಗೆ ಹಾಕಿಕೊಂಡರು.