ಅಪ್‌ಡೇಟ್: ಹುಳುಮನೆಯ ಆ ಬೂದು ನೊಣ ಊಜಿಯಲ್ಲ (ಆದರೂ ನೆಮ್ಮದಿ ಇಲ್ಲ)

ಹೋದ ವಾರ ಕೇಳಿದ್ದೆನಲ್ಲ, ರೇಷ್ಮೆ ಹುಳುಮನೆ ಕಿಟಕಿಯಲ್ಲಿ ಸಿಕ್ಕ ಬೂದು ಬಣ್ಣದ ಪಟ್ಟೆ ನೊಣ ಊಜಿಯೋ (ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ, ಅದರ ಮರಿ ಹುಳುವಿನೊಳಗೆ ಕೊರೆದು ತಿನ್ನುತ್ತದೆ) ಮಾಂಸದ ನೊಣವೋ ಅಂತ. ಫೋಟೋದಲ್ಲಿ ಪಟ್ಟೆ ಎಣಿಸಲು ಹೋಗಿ ನಾನೇ ಒಮ್ಮೆ ಮೂರು, ಒಮ್ಮೆ ನಾಲ್ಕು ಅಂದಿದ್ದೆ.

ನೀವು ಹೇಳಿದಂತೆ ನೊಣವನ್ನು ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಟ್ಟೆ (ಅಮ್ಮನ ಬೈಗುಳ ಬೇರೆ), ಆಮೇಲೆ 10 ಪಟ್ಟು ಲೆನ್ಸ್ ಹಿಡಿದೆ. ಎದೆಯ ಮೇಲೆ ಮೂರೇ ಕಪ್ಪು ಪಟ್ಟೆ (ಊಜಿಗೆ ನಾಲ್ಕು), ಹೊಟ್ಟೆಯ ಮೇಲೆ ಚದುರಂಗದ ಮನೆಗಳು. ಡಬ್ಬಿ ತಿರುಗಿಸಿದರೆ ಕಪ್ಪು ಮನೆ ಬಿಳಿ, ಬಿಳಿ ಮನೆ ಕಪ್ಪು! ಮೀಸೆಯ ಎಳೆ ಬುಡದಲ್ಲಿ ಗರಿಯಂತೆ, ತುದಿಯಲ್ಲಿ ಬೋಳು. ಮುಖ್ಯವಾದದ್ದು ಪಕ್ಕದಿಂದ ನೋಡಿದಾಗ ತಿಳಿಯಿತು: ಎದೆಯ ಹಿಂತುದಿಯ ಪುಟ್ಟ ತ್ರಿಕೋನದ ಕೆಳಗೆ ಏನೂ ಇಲ್ಲ. ಊಜಿಯಾಗಿದ್ದರೆ ಅಲ್ಲಿ ದಿಂಬಿನಂಥ ಇನ್ನೊಂದು ಉಬ್ಬು ಇರಬೇಕಿತ್ತು.

ಅಲ್ಲಿಗೆ ಮಾಂಸದ ನೊಣವೇ. ಸಪ್ಪೆ ರೋಗದಿಂದ ಸತ್ತ ಹುಳುಗಳನ್ನು ಬಾಗಿಲ ಪಕ್ಕದ ಬುಟ್ಟಿಯಲ್ಲೇ ಬಿಟ್ಟಿದ್ದೆ, ತಪ್ಪು ನನ್ನದೇ. ಆ ವಾಸನೆಗೇ ಬಂದಿರಬೇಕು. ಈಗ ಹೂತುಹಾಕಿದ್ದೇನೆ.

ಆದರೆ ನಿನ್ನೆ ಕೊನೆಯ ಜ್ವರ ಎದ್ದ (ಕೊನೆಯ ಸಲ ಪೊರೆ ಕಳಚಿದ) ಹುಳುವೊಂದರ ಮೈಮೇಲೆ ಕಪ್ಪು ಚುಕ್ಕೆ ಕಂಡಿತು, ಊಜಿ ಮರಿ ಒಳಹೊಕ್ಕ ಗುರುತಿನಂತೆ. ಪಕ್ಕದ ಹುಳುವಿನ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಮೊಟ್ಟೆ. ಮಾಂಸದ ನೊಣ ಮೊಟ್ಟೆ ಇಡುವುದಿಲ್ಲ, ನೇರ ಮರಿಹುಳ ಹಾಕುತ್ತದೆ. ಅಂದರೆ ಊಜಿಯೂ ಒಳಗಿದೆ! ಬಾಗಿಲ ಪರದೆಯ ಕೆಳಗಿನ ಸಂದು ಹೊಲಿಸಲು ಕೊಟ್ಟಿದ್ದೇನೆ. ಊಜಿಯನ್ನು ಹಿಡಿದರೆ ಉಬ್ಬಿನ ಫೋಟೋ ಹಾಕುತ್ತೇನೆ.